ಮಜ್ಜಿಗೆ ಅಕ್ಕನ ಪಾಲಿನ ನಡಿಗೆ

ನನ್ನ ಮೊಮ್ಮಗಳು ಓಟ ಮುಗಿಸಿದಳು! ಐರ್ಲೆಂಡಿನ ರಸ್ತೆಯಲ್ಲಿ, ಹೆಚ್ಚೂಕಮ್ಮಿ ನಮ್ಮ ಕಾಮಗೆರೆಯಿಂದ ಹನೂರಿಗೆ ಹೋಗಿ ವಾಪಸ್ ಬಂದಷ್ಟು ದೂರ, ತನ್ನ ಕಾಲ ಮೇಲೆ ತಾನೇ ಓಡಿ, ಯಾವ ಗಾಡಿಯನ್ನೂ ಹತ್ತದೆ ಮುಗಿಸಿದಳು. ಬೀದಿಗೆಲ್ಲ ಹೇಳಿ ಬಂದೆ. ಹಾಲಿನ ಡೈರಿಯಲ್ಲಿ ಹೇಳಿದೆ. ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದ, ಮುಖಪರಿಚಯವೂ ಇಲ್ಲದ ಒಬ್ಬರನ್ನು ನಿಲ್ಲಿಸಿಕೊಂಡು ಹೇಳಿದೆ. ಪಾಪ, ಅವರ ಬಸ್ಸು ಹೋಗಿಯೇಬಿಟ್ಟಿತು. ಯಾರಿಗೆ ಮೊದಲು ಹೇಳಬೇಕಿತ್ತೋ ಅವಳು ಮಾತ್ರ ಇಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಶಿವರಾತ್ರಿ ಹತ್ತಿರ ಬಂತೆಂದರೆ ಅವಳ ಬಲಗೈ ಬೆರಳುಗಳು ಮಜ್ಜಿಗೆಯಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅವಳು ನಮ್ಮ ಪಕ್ಕದ ಮನೆಯವಳು, ಊರಿಗೆಲ್ಲ ಮಜ್ಜಿಗೆ ಅಕ್ಕ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಜನ ನಮ್ಮ ಮುಂದಿನ ರಸ್ತೆಯಲ್ಲೇ ಸಾಗುವುದು. ಅವಳು ಹೊಂಗೆಮರದ ಕೆಳಗೆ ದೊಡ್ಡ ಗುಡಾಣವಿಟ್ಟು, ಅದಕ್ಕೆ ಒದ್ದೆ ಗೋಣಿ ಸುತ್ತಿ, ಶುಂಠಿ, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ನೀರುಮಜ್ಜಿಗೆಯನ್ನು ಬಂದವರಿಗೆಲ್ಲ ಕೊಡುತ್ತಿದ್ದಳು. ಬಂದವರ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ವರ್ಷ ವರ್ಷ ಬರುವವರನ್ನು ಗುರುತು ಹಿಡಿಯುತ್ತಿದ್ದುದೂ ಪಾದದಿಂದಲೇ.

“ಸೊಟ್ಟ ಬೆರಳಿನೋನು ಈ ವರ್ಸನೂ ಬಂದವ್ನೆ ನೋಡ್ಲಾ,” ಎಂದು ನನ್ನನ್ನು ಕರೆದು ತೋರಿಸುವಳು. ಬೊಬ್ಬೆ ಎದ್ದ ಕಾಲು ಕಂಡರೆ ಕೇಳದೆಯೇ ಇನ್ನೊಂದು ಲೋಟ.

ಅವಳದು ಒಂದೇ ಕಟ್ಟಳೆ. ಲೋಟ ಹಿಡಿದುಕೊಂಡು ನಡೆಯಬಾರದು. ನಿಂತು, ಪೂರ್ತಿ ಕುಡಿದು, ಲೋಟವನ್ನು ಕೊಟ್ಟವರ ಕೈಗೇ ವಾಪಸ್ ಕೊಡಬೇಕು. ಒಂದು ವರ್ಷ ಒಬ್ಬ ಗಟ್ಟಿಮುಟ್ಟಾದ ಹುಡುಗ, ಜೊತೆಗಾರರೆಲ್ಲ ಮುಂದೆ ಹೋದರೆಂದು, ಲೋಟ ಕಿತ್ತುಕೊಂಡು ಕುಡಿಯುತ್ತಲೇ ಹೊರಟ. ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು. ಅವಳ ಗಂಟಲೋ, ಲಾರಿ ನಿಲ್ಲಿಸುವಂಥದ್ದು.

“ಲೇ, ನಿಂತ್ಕಂಡ್ ಕುಡೀಲಾ! ನೀ ವಸಿ ನಿಂತ್ರೆ ಮಾದಪ್ಪ ಎದ್ದು ಎಲ್ಗೂ ಓಗಕಿಲ್ಲ!”

ರಸ್ತೆಯಲ್ಲಿದ್ದವರೆಲ್ಲ ನಕ್ಕರು. ಹುಡುಗ ನಿಂತ. ಎರಡು ಲೋಟ ಕುಡಿದು, ಅವಳ ಕಾಲಿಗೆ ಬಿದ್ದು ಹೋದ.

ಇಷ್ಟು ಜನರನ್ನು ಬೆಟ್ಟಕ್ಕೆ ಕಳಿಸಿದವಳು ತಾನು ಒಂದು ಸಲವೂ ನಡೆದು ಹೋದವಳಲ್ಲ. ಯಾಕೆಂದು ನನ್ನ ಮೊಮ್ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

“ನಾನೂ ಒಂಟೋದ್ರೆ ಇವ್ರಿಗೆ ಮಜ್ಗೆ ಕೊಡೋರ್ ಯಾರಮ್ಮಿ?”

“ಆಸೆ ಇಲ್ವಾ ಅಜ್ಜಿ?”

ಅಕ್ಕ ಬೆಟ್ಟದ ಕಡೆಯ ರಸ್ತೆ ನೋಡಿದಳು. ನನ್ನ ಮೊಮ್ಮಗಳು ಅವಳ ಸುಕ್ಕುಬೆರಳು ಹಿಡಿದುಕೊಂಡು, “ನಿನ್ ಪಾಲಿನ ನಡಿಗೆ ನಾನ್ ನಡೀತೀನಿ, ಬುಡು” ಎಂದಳು. ಅಕ್ಕ ಅದನ್ನು ಮರೆಯಲೇ ಇಲ್ಲ. ಹುಡುಗಿ ನರ್ಸಿಂಗ್ ಓದಲು ಹೋದಾಗಲೂ, ಐರ್ಲೆಂಡಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಾಗಲೂ ಅವಳ ಪಾದ ಸವರಿ, “ಈ ಕಾಲು ನಂಗೆ ಒಂದ್ ನಡಿಗೆ ಕೊಡ್ಬೇಕು, ಗ್ಯಾಪ್ಕ ಇರ್ಲಿ” ಎಂದು ನಗುತ್ತಿದ್ದಳು.

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ಅಕ್ಕ ತೀರಿಕೊಂಡಳು. ಊರಿಗೆ ಬಂದು ಬೆಟ್ಟಕ್ಕೆ ನಡೆಯಲು ಹುಡುಗಿಗೆ ರಜ ಸಿಗಲಿಲ್ಲ. ಫೋನಿನಲ್ಲಿ ಅತ್ತೂ ಅತ್ತೂ ಕೊನೆಗೆ ಹೇಳಿದಳು: ಇಲ್ಲೊಂದು ಓಟ ಇದೆ ತಾತ, ಅಜ್ಜಿಯ ಪಾಲಿನದನ್ನು ಈ ರಸ್ತೆಯಲ್ಲೇ ತೀರಿಸುತ್ತೇನೆ. ಎಲ್ಲರ ಹಿಂದೆ ಒಂದು ಗಾಡಿ ಮೆಲ್ಲಗೆ ಬರುತ್ತದಂತೆ. ಅದು ನಮ್ಮನ್ನು ದಾಟಿದರೆ ಓಟ ಬಿಟ್ಟು ಅದನ್ನೇ ಹತ್ತಬೇಕಂತೆ. “ಗಾಡಿ ಅತ್ಬುಟ್ರೆ ಅಜ್ಜಿಗೆ ಕೊಟ್ಟ ಮಾತು ಓದಂಗೇ,” ಎಂದಳು.

ನನ್ನ ಹೆಂಡತಿಗೆ ಇದು ಒಪ್ಪಿಗೆಯಾಗಲಿಲ್ಲ. “ಅಲ್ಲಿ ಓಡಿದ್ರೆ ಮಾದಪ್ಪಂಗೆ ಕಾಣ್ತದಾ? ಅಷ್ಟು ದೂರ ಓಡೋಕೆ ಆ ಊರಲ್ಲಿ ಬಸ್ ಇಲ್ವಾ?” ಎಂದಳು. ಆದರೆ ಓಟದ ದಿನ ಮಧ್ಯಾಹ್ನ ಮೊದಲು ದೀಪ ಹಚ್ಚಿದವಳೂ ಅವಳೇ.

ಅಲ್ಲಿ ಬೆಳಗಾದರೆ ನಮಗೆ ಮಧ್ಯಾಹ್ನ. ನಾನು ಫೋನು ಹಿಡಿದು ಜಗುಲಿಯಲ್ಲಿ ಕೂತೆ. ಮುಗಿಯುವ ಹೊತ್ತು ಎಂದು ಅವಳು ಹೇಳಿದ್ದ ಹೊತ್ತು ಬಂತು, ಹೋಯಿತು. ಫೋನು ಮಾತ್ರ ಸುಮ್ಮನೆ. ಮಗ ಬಂದು ಇಣುಕಿದ, ಸೊಸೆ ಬಂದು ಇಣುಕಿದಳು. ಗಾಡಿ ಹತ್ತಿಬಿಟ್ಟಳೇನೋ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಕೊನೆಗೆ ಫೋನು ಹೊಡೆದುಕೊಂಡಿತು. ಕೆಂಪಗಾದ ಮುಖ, ಕೊರಳಲ್ಲಿ ಒಂದು ಬಿಲ್ಲೆ.

“ತಾತಾ! ಮುಗೀತು! ಗಾಡಿ ಅತ್ಲಿಲ್ಲ!”

ನನ್ನ ಹೆಂಡತಿ ಫೋನು ಕಿತ್ತುಕೊಂಡು, “ಮೊದ್ಲು ಪಾದ ತೋರ್ಸಮ್ಮಿ,” ಎಂದಳು. ತೋರಿಸಿದಳು. ಹೆಬ್ಬೆರಳ ಪಕ್ಕ ದೊಡ್ಡ ಬೊಬ್ಬೆ.

“ಯಾಕ್ ಕೂಸೇ ಇಷ್ಟೊತ್ತು?” ಎಂದೆ.

“ನೀರ್ ಕೊಡೋ ಕಡೆಯೆಲ್ಲಾ ನಿಂತ್ಕಂಡೆ ತಾತಾ!”

ಅಲ್ಲಿ ದಾರಿಯುದ್ದಕ್ಕೂ ಮೇಜು ಹಾಕಿ ಕಾಗದದ ಲೋಟದಲ್ಲಿ ನೀರು ಕೊಡುತ್ತಾರಂತೆ. ಓಡುವವರು ಓಡುತ್ತಲೇ ಕಿತ್ತುಕೊಂಡು, ಅರ್ಧ ಕುಡಿದು, ಲೋಟವನ್ನು ರಸ್ತೆಗೆ ಎಸೆಯುತ್ತಾರಂತೆ. ಅಲ್ಲಿ ಅದೇ ಪದ್ಧತಿ. ಇವಳಿಗೆ ಕೈ ಬರಲಿಲ್ಲ. ಪ್ರತಿ ಮೇಜಿನ ಮುಂದೂ ನಿಂತು, ಪೂರ್ತಿ ಕುಡಿದು, ಲೋಟವನ್ನು ಅವರ ಕೈಗೇ ಕೊಟ್ಟು ಹೊರಟಿದ್ದಾಳೆ. ಹಾಗೆ ನಿಂತೂ ನಿಂತೂ ಕೊನೆಯವಳಾಗಿದ್ದಾಳೆ. ಕಡೆಯ ಮೇಜಿನ ಹತ್ತಿರ ಬರುವಾಗ ಗಾಡಿ ಬೆನ್ನಿಗೇ ಬಂದಿದೆ.

“ಎಲ್ರೂ ಓಡು ಓಡು ಅಂತ ಕೂಗ್ತಾವ್ರೆ ತಾತಾ. ಈ ಸಲ ನಿಲ್ಬಾರ್ದು ಅನ್ಕಂಡೆ. ನೋಡುದ್ರೆ ನಮ್ಮಜ್ಜಿಯಂಗೇ ಒಬ್ಬಜ್ಜಿ ಎರಡೂ ಕೈಲಿ ಲೋಟ ಹಿಡ್ಕಂಡವ್ರೆ. ಕಾಲು ತಾನಾಗೇ ನಿಂತೋದ್ವು.”

“ಆಮ್ಯಾಕೆ?”

“ಕುಡ್ದು ಲೋಟ ಕೈಗ್ ಕೊಟ್ಟೆ. ಆ ಅಜ್ಜಿ ನಗಾಡ್ಬುಟ್ಟು, ಗಾಡಿಯವ್ನಿಗೂ ಕಿಟಕೀಲಿ ಒಂದ್ ಲೋಟ ನೀಡುದ್ರು. ಅವ್ನು ಬ್ಯಾಡ ಅನ್ನಂಗಿಲ್ಲ! ಗಾಡಿ ನಿಲ್ಸ್ಕಂಡು ಕುಡೀತಾ ಕೂತ. ನಾ ಕಿತ್ಕಂಡೆ ನೋಡು ಓಟಾನ! ಗೆರೆ ದಾಟಿ ತಿರುಗುದ್ರೆ ಗಾಡಿ ಇನ್ನೂ ಇಂದೆ!”

ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಅಕ್ಕ ಹೇಳಿದ್ದೇ ಆಯಿತಲ್ಲ. ಇವಳು ನಿಂತರೆ ಮಾದಪ್ಪ ಎಲ್ಲಿಗೂ ಎದ್ದು ಹೋಗಲಿಲ್ಲ, ಗಾಡಿಯವನೂ ಹೋಗಲಿಲ್ಲ!

ಅಕ್ಕನ ಗುಡಾಣ ಈಗ ನಮ್ಮ ಮನೆಯಲ್ಲಿದೆ. ಓಟಕ್ಕೆ ಮುಂಚೆ, ಈ ಶಿವರಾತ್ರಿಗೆ ಹೊಂಗೆಮರದ ಕೆಳಗೆ ನಾವಿಬ್ಬರು ಮುದುಕರು ಕೂತಿದ್ದೆವು. ಸೊಟ್ಟ ಬೆರಳಿನವನು ಬಂದ. ಲೋಟ ಹಿಡಿದು ಆಚೀಚೆ ನೋಡಿ, “ಅವ್ವ ಎಲ್ಲಿ?” ಎಂದ. ನಾನು ಗುಡಾಣದ ಗೋಣಿ ಸರಿಮಾಡಿದೆ. ನನ್ನ ಹೆಂಡತಿ ಹೇಳಿದಳು. ಅವನು ನಿಂತೇ ಕುಡಿದು, ಲೋಟ ನನ್ನ ಕೈಗಿಟ್ಟು ಹೋದ.

ಸುದ್ದಿ ಬಂದ ಆ ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಸೊಸೆ ಮಾಡಿದ ಪಾಯಸ. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದ್ದೆವು. ಅದರೊಳಗೆ ಮೊಮ್ಮಗಳು ಅನ್ನ ಕಲಸಿಕೊಂಡು ಉಣ್ಣುತ್ತಿದ್ದಳು. ಕೊನೆಗೆ ನೀರುಮಜ್ಜಿಗೆ ಬಂತು. ಹುಡುಗಿ ಅಲ್ಲಿ ತನ್ನ ಲೋಟ ಹಿಡಿದು ಎದ್ದು ನಿಂತಳು. ಇಲ್ಲಿ ಮಗ ಎದ್ದ, ಸೊಸೆ ಎದ್ದಳು.

“ಉಣ್ಣೋವಾಗ ಮಧ್ಯ ಎದ್ದೇಳ್ತಾರಾ ಯಾರಾದ್ರೂ!” ಎಂದು ಗೊಣಗಿಕೊಂಡೇ ನನ್ನ ಹೆಂಡತಿ ಎದ್ದು, ನನ್ನ ಕೈ ಹಿಡಿದು ಎಬ್ಬಿಸಿದಳು.

ಎಲ್ಲರೂ ನಿಂತು ಕುಡಿದೆವು. ಲೋಟ ಖಾಲಿಯಾಗುವ ತನಕ ಒಬ್ಬರೂ ಕದಲಲಿಲ್ಲ.