ಕೊನೆಯ ಕರಡದ ಕಟ್ಟು

ಮರಳುಕೋಡಿಯ ಮನೆಗಳ ಮಾಡು ಬಿರುಗಾಳಿಗೆ ಹಾರಿಹೋಯಿತೆಂಬ ಸುದ್ದಿ ಬಂದ ದಿನ ಕೆರಿಯಮ್ಮ ಪಾಯಸ ಮಾಡಿ ಉಂಡಳು. ಹಬ್ಬವಿರಲಿಲ್ಲ, ಹುಣ್ಣಿಮೆಯೂ ಅಲ್ಲ. ಏನು ವಿಶೇಷವೆಂದು ಪಕ್ಕದ ಮನೆಯವರು ಕೇಳಿದ್ದಕ್ಕೆ, ದೇವರಿಗೆ ಕಣ್ಣಿದೆಯೆಂದು ಇವತ್ತು ಗೊತ್ತಾಯಿತು ಎಂದಳಂತೆ. ಇನ್ನೊಬ್ಬರ ಮನೆ ಬಿದ್ದಾಗ ಸಿಹಿ ಉಣ್ಣುವುದು ಸರಿಯೇ ಎನ್ನುವವರು ಮುಂದಿನದನ್ನು ಓದಿ ಆಮೇಲೆ ಕೇಳಲಿ.

ಕೆರಿಯಮ್ಮ ನಿಟ್ಟೂರಿನ ಹತ್ತಿರದ ಒಂದು ಕೇರಿಯವಳು. ಅರವತ್ತರ ದಶಕದ ಆ ವರ್ಷಗಳಲ್ಲಿ ಗುಡ್ಡದ ಮೇಲಿನ ಕರಡ, ಅಂದರೆ ಮಾಡಿಗೆ ಹೊದೆಸುವ ಒಣಹುಲ್ಲು, ಕೊಯ್ಯುವ ಹೆಂಗಸರಿಗೆಲ್ಲ ಅವಳೇ ಯಜಮಾನಿ. ಅವಳ ತಮ್ಮ ಪುಟ್ಟಪ್ಪ ಅದನ್ನು ಹೊದೆಸುವವರ ಮುಂದಾಳು. ಊರಿಗೆಲ್ಲ ಜೋರು ಮಾಡುವ ಪುಟ್ಟಪ್ಪ ಅಕ್ಕನೆದುರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಮರಳುಕೋಡಿ ಇರುವುದು ಘಟ್ಟದ ಕೆಳಗೆ, ಕಡಲ ದಂಡೆಯಲ್ಲಿ. ಬೇಸಿಗೆ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಉಳ್ಳವರು ಸಮುದ್ರಸ್ನಾನಕ್ಕೆಂದು ಅಲ್ಲಿಗೆ ಇಳಿಯುತ್ತಿದ್ದರು. ಅವರಿಗಾಗಿ ಬಾಡಿಗೆ ಕೋಣೆಗಳ ಉದ್ದನೆಯ ಮನೆ ಕಟ್ಟಿಸಿದವನು ಹೊಸನಗರದ ಕಡೆಯವನೇ ಆದ ಮಂಜುನಾಥಪ್ಪ. ಕೆರಿಯಮ್ಮನ ಒಬ್ಬಳೇ ಮಗಳು ದುಗ್ಗಮ್ಮನಿಗೆ ಮೈತುಂಬ ಹುಣ್ಣಾದಾಗ ಪಂಡಿತರು ಉಪ್ಪುನೀರಿನಲ್ಲಿ ಮೀಯಿಸಲು ಹೇಳಿದರು. ತಾಯಿ ಮಗಳಿಬ್ಬರೂ ಇಳಿದುಹೋದರು. ಮಂಜುನಾಥಪ್ಪನ ಅಂಗಳ ಗುಡಿಸಬೇಕು, ಪಾತ್ರೆ ತಿಕ್ಕಬೇಕು, ಹಿಂದಿನ ಜಗಲಿಯಲ್ಲಿ ಮಲಗಬೇಕು. ಹಾಗೆಂದು ಒಪ್ಪಂದವಾಯಿತು.

ಹುಣ್ಣು ಒಣಗತೊಡಗಿತ್ತು. ಅಷ್ಟರಲ್ಲಿ ಸಾಗರದಿಂದ ಬಂದ ಅತಿಥಿಗಳು, ಆ ಹುಡುಗಿ ಇಳಿಯುವ ನೀರಿಗೆ ತಾವು ಇಳಿಯುವುದು ಹೇಗೆಂದು ಮುಖ ಸಿಂಡರಿಸಿದರು. ಅಷ್ಟು ದೊಡ್ಡ ಸಮುದ್ರವೂ ಅವರಿಗೆ ಸಾಲಲಿಲ್ಲ. ಆ ಸಂಜೆಯೇ ಮಂಜುನಾಥಪ್ಪ ಇಬ್ಬರ ಬಟ್ಟೆಗಂಟನ್ನೂ ರಸ್ತೆಗೆ ಹಾಕಿಸಿದ. ಗುಡುಗುಮಳೆ ಹೊಡೆಯುತ್ತಿತ್ತು. ಬೆಳಗಿನವರೆಗಾದರೂ ಇರುತ್ತೇವೆಂದು ಕೆರಿಯಮ್ಮ ಕಾಲು ಹಿಡಿದಳು. ಅವನು ಕಾಲು ಕೊಡವಿಕೊಂಡು ಒಳಗೆ ಹೋದ. ಮೀನುಗಾರರ ಶಾಂತಮ್ಮ ಇಬ್ಬರನ್ನೂ ತನ್ನ ಗುಡಿಸಲಿಗೆ ಕರೆದು ಗಂಜಿ ಕೊಟ್ಟಳು. ಹುಡುಗಿಯ ತಲೆ ಒರೆಸುತ್ತ ಹೆಸರು ಕೇಳಿ ತಿಳಿದುಕೊಂಡಳು. ಆದರೆ ನೆನೆದ ಮೈಗೆ ಜ್ವರ ಏರಿತ್ತು. ಘಟ್ಟ ಹತ್ತಿ ಮನೆ ಮುಟ್ಟಿದ ದುಗ್ಗಮ್ಮ ಮತ್ತೆ ಚಾಪೆ ಬಿಟ್ಟು ಏಳಲಿಲ್ಲ.

ಬಿರುಗಾಳಿ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, ದೀಪಾವಳಿಯ ಹೊತ್ತಿಗೆ. ಕರಡದ ಕೊಯ್ಲು ಮುಗಿಯುತ್ತಿದ್ದಂತೆ ಮಂಜುನಾಥಪ್ಪನೇ ಕೆರಿಯಮ್ಮನ ಅಂಗಳಕ್ಕೆ ಬಂದು ನಿಂತ. ಶಿವರಾತ್ರಿಯೊಳಗೆ ಮಾಡು ಹೊದೆಸಬೇಕು, ಹೆಂಚು ಹಾಕಿದರೆ ಕೋಣೆ ಕಾಯುತ್ತದೆ, ಅತಿಥಿಗಳಿಗೆ ಹುಲ್ಲಿನ ಮಾಡೇ ಆಗಬೇಕು ಎಂದ. ಎದುರಿಗಿದ್ದವಳ ಗುರುತೇ ಅವನಿಗೆ ಹತ್ತಲಿಲ್ಲ. ಕೆರಿಯಮ್ಮ ತಣ್ಣಗೆ, ಆಗಲಿ ಒಡೇರೆ, ನಾನೇ ಬರ್ತೀನಿ ಎಂದಳು. ಪುಟ್ಟಪ್ಪ ಬಾಯಿ ತೆರೆಯಹೋದವನು ಅಕ್ಕನ ಮುಖ ನೋಡಿ ಕರಡದ ಕಟ್ಟು ಎಣಿಸಲು ಹೋದ.

ಅವಳು ಒಪ್ಪಿದ್ದಕ್ಕೆ ಕಾರಣವಿತ್ತು. ಅವರ ಕಡೆ ಒಂದು ಕಟ್ಟಳೆ. ಮಾಡು ಹೊದೆಸಿ ಮುಗಿಯುವಾಗ ನೆತ್ತಿಯಲ್ಲಿ ಒಂದು ಕಟ್ಟಿನಷ್ಟು ಜಾಗ ಬಿಟ್ಟಿರುತ್ತಾರೆ. ಆ ಕೊನೆಯ ಕಟ್ಟನ್ನು ಕರಡ ಕೊಯ್ದವಳೇ ಕೆಳಗಿನಿಂದ ಎಸೆಯಬೇಕು. ಅದು ಬೀಳುವವರೆಗೆ ಆ ಮಾಡಿನಡಿ ಒಲೆ ಹಚ್ಚುವಂತಿಲ್ಲ, ಯಾರೂ ಮಲಗುವಂತಿಲ್ಲ. ಬೇರೆಯವರು ಆ ಜಾಗಕ್ಕೆ ಕೈಯನ್ನೂ ಹಾಕುವುದಿಲ್ಲ. ಘಟ್ಟದ ಮೇಲೆ ಹುಟ್ಟಿದ ಮಂಜುನಾಥಪ್ಪನಿಗೂ, ಅವನ ಅತಿಥಿಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಯಾರ ಕೈಯ ಕರಡ ಕೊಳ್ಳುತ್ತಿದ್ದೇನೆಂದು ನೋಡದೆ ಹೋದದ್ದು ಅವನ ತಪ್ಪು.

ಕರಡ ತುಂಬಿದ ಲಾರಿಯ ಮೇಲೆ ಕುಳಿತು ಕೆರಿಯಮ್ಮ ಮರಳುಕೋಡಿಗೆ ಇಳಿದಳು. ದೋಣಿಗಳು ತೆಂಗಿನ ತೋಟದೊಳಗೆ ಮಗುಚಿ ಬಿದ್ದಿದ್ದವು. ಬಾವಿಗಳಿಗೆ ಉಪ್ಪುನೀರು ನುಗ್ಗಿತ್ತು, ಹೆಂಗಸರು ದೂರದಿಂದ ಕೊಡ ಹೊತ್ತು ತರುತ್ತಿದ್ದರು. ಮಂಜುನಾಥಪ್ಪನ ಬೋಳು ಗೋಡೆಗಳನ್ನು ಕಂಡಾಗ ಅವಳಿಗೆ ಹಾಯೆನಿಸಿತು. ಮೀನುಗಾರರ ಕೇರಿಯ ಗುಡಿಸಲುಗಳೂ ಬೋಳಾಗಿ ನಿಂತದ್ದು ಕಂಡಾಗ ಮಾತ್ರ ಆ ಸಮಾಧಾನ ಹೋಯಿತು. ಮೊದಲ ಲಾರಿಯನ್ನು ಅಲ್ಲೇ ನಿಲ್ಲಿಸಿ ಶಾಂತಮ್ಮನ ಗುಡಿಸಲು ಹೊದೆಸಿದಳು, ಕೊನೆಯ ಕಟ್ಟನ್ನು ತಾನೇ ಎಸೆದಳು. ಒಲೆ ಹತ್ತಿತು. ದೊಡ್ಡ ಮನೆ ಕಾಯುತ್ತಿರುವಾಗ ಇದೆಂಥದೆಂದು ಮಂಜುನಾಥಪ್ಪ ಗೊಣಗಿದ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡ ಮನೆಯ ಮಾಡು ಮುಗಿಯುವ ದಿನ ಸಾಗರದ ಅತಿಥಿಗಳು ಆಗಲೇ ಬಂದಿಳಿದಿದ್ದರು. ಅಡಿಗೆಯವರು ಅಕ್ಕಿ ತೊಳೆದಿಟ್ಟು ಕಾಯುತ್ತಿದ್ದರು. ಮೀನುಗಾರರ ಕೇರಿಯವರೂ ನೆರೆದಿದ್ದರು. ನೆತ್ತಿಯ ಮೇಲೆ ಕುಳಿತ ಪುಟ್ಟಪ್ಪ ಕೈ ಚಾಚಿದ. ಕೆರಿಯಮ್ಮ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಳು.

"ಎಸಿ ಮಾರಾಯ್ತಿ, ಎಂತಕ್ಕೆ ನಿಂತಿ?" ಎಂದ ಮಂಜುನಾಥಪ್ಪ.

"ಒಡೇರೆ, ಮೈಯೆಲ್ಲ ಹುಣ್ಣಾದ ಹುಡುಗಿ ಒಬ್ಳನ್ನ ಮಳೇಲಿ ಹೊರಗೆ ಹಾಕ್ಸಿದ್ರಿ. ನೆನಪಿದ್ಯಾ?"

ಅವನ ಮುಖ ಇಳಿಯಿತು. ಈಗ ಗುರುತು ಸಿಕ್ಕಿತ್ತು. ಅತಿಥಿಗಳ ಮಾತು ಕೇಳಿ ಹಾಗಾಯಿತು, ಅದೆಲ್ಲ ಈಗ ಯಾಕೆಂದು ತೊದಲಿದ. ಅತಿಥಿಗಳು ಕಡಲ ಕಡೆ ನೋಡತೊಡಗಿದರು.

"ಅವಳ ಹೆಸರು ಹೇಳಿ. ಎಸೀತೀನಿ."

ದಿನವೂ ಅವನ ಅಂಗಳದಲ್ಲೇ ಓಡಾಡಿದ ಹುಡುಗಿ. ಹುಣ್ಣಿನ ಹುಡುಗಿ ಎಂದೇ ಅವನು ಕರೆಯುತ್ತಿದ್ದದ್ದು. ಗೌರಿ ಎಂದ, ಅಲ್ಲವೆಂದಳು. ಲಕ್ಷ್ಮಿ ಎಂದ. ಅತಿಥಿಗಳಲ್ಲಿ ಯಾರೋ ಕಿಸಕ್ಕೆಂದರು. ಮಂಜುನಾಥಪ್ಪ ಬೆವರು ಒರೆಸಿಕೊಂಡು ಎಲ್ಲರೆದುರು ಕೈ ಮುಗಿದ. ತಪ್ಪಾಯಿತು, ಹೆಸರು ನೀನೇ ಹೇಳು, ದೇವರ ಹೆಸರಿನ ಹಾಗೆ ಹೇಳುತ್ತೇನೆ ಎಂದ. ಇಷ್ಟು ವರ್ಷ ಕೆರಿಯಮ್ಮ ಕಾದದ್ದು ಆ ಮುಗಿದ ಕೈಗಳಿಗೇ. ನೋಡಿದಳು. ಸಾಲಲಿಲ್ಲ. ಅದುವರೆಗೆ ಒಡೇರೆ ಎನ್ನುತ್ತಿದ್ದವಳು ಏಕವಚನಕ್ಕೆ ಇಳಿದಳು.

"ನನ್ನ ಮಗಳ ಹೆಸರು ನಿನ್ನ ಬಾಯಲ್ಲಿ ಬರೋದು ಬೇಡ."

ಪುಟ್ಟಪ್ಪ ಮತ್ತು ಅವನ ಆಳುಗಳು ಏಣಿ ಇಳಿದರು. ಕೆರಿಯಮ್ಮ ಕಟ್ಟನ್ನು ಲಾರಿಗೆ ಎಸೆದು ಹತ್ತಿ ಕುಳಿತಳು. ಸಾಗರದವರು ಆ ಮಧ್ಯಾಹ್ನವೇ ಟ್ರಂಕು ಹೊರಿಸಿಕೊಂಡು ಬಸ್ಸಿಗೆ ಹೊರಟರು.

ಹೆಸರು ಸಿಕ್ಕಿದರೆ ಘಟ್ಟ ಹತ್ತಿ ಅವಳ ಬಾಗಿಲಿಗೆ ಹೋಗಿ ಬೇಡಬಹುದೆಂದು ಮಂಜುನಾಥಪ್ಪ ದಂಡೆಯುದ್ದಕ್ಕೂ ಮನೆಮನೆ ಕೇಳುತ್ತ ಬಂದ. ಶಾಂತಮ್ಮ ಒಲೆಯ ಮುಂದೆ ಮೀನು ಹೆಚ್ಚುತ್ತಿದ್ದಳು. ಆ ರಾತ್ರಿ ನಿನ್ನಲ್ಲೇ ಇದ್ದರಲ್ಲ, ಹುಡುಗಿಯ ಹೆಸರು ಗೊತ್ತಿರಬೇಕಲ್ಲ ಎಂದು ಅಂಗಲಾಚಿದ. ಶಾಂತಮ್ಮ ಕತ್ತಿ ಕೆಳಗಿಟ್ಟು ತಲೆಯ ಮೇಲಿನ ಹೊಸ ಮಾಡನ್ನು ಒಮ್ಮೆ ನೋಡಿದಳು. ಮರೆತುಹೋಯಿತು ಎಂದಳು.