ಮೊದಲ ಕೆಸರು ಕೆಳಗದ್ದೆಗೆ

ತೃಶ್ಶಿಲೇರಿಯ ನಮ್ಮ ಗದ್ದೆಯನ್ನು ಬಾಳೆ ಬೆಳೆಯಲು ಗುತ್ತಿಗೆಗೆ ಹಿಡಿದವರು ಮೈಲುತುತ್ತ ಹೊಡೆದರು, ಮೂಟೆಗಟ್ಟಲೆ ಗೊಬ್ಬರ ಸುರಿದರು, ಗೊನೆ ಕಡಿದುಕೊಂಡು ಹೋದರು. ನಾವು ಮತ್ತೆ ಭತ್ತಕ್ಕೆ ಮರಳಿ ಕೆಲವು ವರ್ಷ ಕಳೆದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದರೆ ತಾಮ್ರವೂ ಇತ್ತು, ಕ್ಯಾಡ್ಮಿಯಮ್ಮೂ ಇತ್ತು. ಸದ್ಯಕ್ಕೆ ಈ ಅಕ್ಕಿ ಉಣ್ಣಬೇಡಿ ಎಂದರು ಕೃಷಿ ಆಫೀಸರಮ್ಮ.

ಅದೇ ಹೊತ್ತಿಗೆ ಮಗಳು ಬಸುರಿ. ನಮ್ಮ ಮನೆಯಲ್ಲಿ ಮಗುವಿನ ಮೊದಲ ತುತ್ತು ನಮ್ಮದೇ ಗದ್ದೆಯ ಪರಿಮಳದ ಗಂಧಕಶಾಲೆ ಅಕ್ಕಿಯದ್ದೇ ಆಗಬೇಕು. ಅತ್ತೆಗೆ ದಿನಾ ಅದೇ ಜಪ. ಸುಳ್ಳೇಕೆ, ನನಗೂ ಅದೇ ಆಸೆ.

ಆಫೀಸರಮ್ಮ ಬೆಂಟೊನೈಟ್ ಜೇಡಿಪುಡಿ ಹಾಕಲು ಹೇಳಿದರು. ಕರೆಂಟಿನವರು ಅರ್ತಿಂಗ್ ಗುಂಡಿಗೆ ತುಂಬುತ್ತಾರಲ್ಲ, ಅದೇ. ಕೆಸರಲ್ಲಿ ಕಲಸಿದರೆ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸುಲಭಕ್ಕೆ ಬಿಡುವುದಿಲ್ಲ. ಆದರೆ ಪುಡಿ ತಳಕ್ಕೆ ಕೂರುವವರೆಗೆ ಬದು ಕಡಿಯಬಾರದು. ಇದನ್ನು ಗಂಡನಿಗೆ ಎಷ್ಟು ಸಲ ಹೇಳಿದೆನೋ ದೇವರೇ ಬಲ್ಲ. ಮೂಗುಬಾಯಿಗೆಲ್ಲ ಮೆತ್ತಿಕೊಂಡು ಪುಡಿ ಚೆಲ್ಲಿದವಳೂ ನಾನೇ. ಟಿಲ್ಲರ್ ಹೊಡೆಸಿದ ದಿನವೇ ಮಗಳಿಗೆ ನೋವು ಬಂತು, ಮಾನಂತವಾಡಿ ಆಸ್ಪತ್ರೆಗೆ ಓಡಿದೆ.

ಮೊಮ್ಮಗನ ಮುಖ ನೋಡಿ ಮರಳಿದರೆ ಬದು ಕಡಿದಿತ್ತು. ಬೂದುಬಣ್ಣದ ಗಟ್ಟಿ ನೀರೆಲ್ಲ ಕೆಳಗದ್ದೆಯಲ್ಲಿ, ನಮ್ಮದರಲ್ಲಿ ತೋಡಿನ ತಿಳಿನೀರು. ಮೈಯೆಲ್ಲ ಉರಿದುಹೋಯಿತು. ಮೇಲಿನ ಗದ್ದೆ ಉತ್ತಾಗ ಮೊದಲ ಕೆಸರು ನೀರು ಕೆಳಗಿನವರಿಗೆ ಸೇರಬೇಕು, ಅದು ನಮ್ಮ ವಯಲಿನ, ಈ ಗದ್ದೆಬಯಲಿನ, ರೂಢಿ. ಈ ಪುಣ್ಯಾತ್ಮ ಅದನ್ನೇ ಮಾಡಿದ್ದರು.

“ಅಪ್ಪನ ಕಾಲದಿಂದ ಕೊಟ್ಟ ನೀರು. ಅವರ ಪಾಲಿನ ವೆಳ್ಳ ನಾನು ಹ್ಯಾಗೆ ತಡೀಲಿ?” ಎಂದರು ಗುದ್ದಲಿ ತೊಳೆಯುತ್ತ.

“ಮಗುವಿನ ಅನ್ನವನ್ನೇ ಹರಿಯಬಿಟ್ರಲ್ಲ” ಎಂದೆ. ಆಮೇಲೆ ವಾರಗಟ್ಟಲೆ ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು.

ಕೊಯ್ಲಾಯಿತು. ಅಕ್ಕಿಯನ್ನು ಪರೀಕ್ಷೆಗೆ ಕಳಿಸಿದರೆ ಮತ್ತೆ ಅದೇ ಉತ್ತರ, ಉಣ್ಣಬೇಡಿ. ಅಂಗಡಿ ಅಕ್ಕಿ ತಂದಿಟ್ಟೆ. ಅತ್ತೆ ಅದರತ್ತ ತಿರುಗಿಯೂ ನೋಡಲಿಲ್ಲ.

ಚೋರೂಣಿನ ಬೆಳಿಗ್ಗೆ, ಮಗುವಿಗೆ ಅನ್ನ ಉಣಿಸುವ ಹೊತ್ತಿಗೆ, ಕೆಳಗದ್ದೆಯ ಅಕ್ಕ ಒಂದು ಚೀಲ ಗಂಧಕಶಾಲೆ ಅಕ್ಕಿ ಹಿಡಿದು ಬಂದರು. ನಿಮ್ಮ ಕೆಸರು ಬಂದು ಈ ಸಲ ಬೆಳೆ ಚೆನ್ನಾಯಿತು, ನಿಮ್ಮ ಮೋನಿಗೆ, ಪುಟ್ಟನಿಗೆ, ಇದನ್ನೇ ಕೊಡಿ ಎಂದರು. ಅತ್ತೆಯ ಮುಖ ಅರಳಿತು. ನಮ್ಮ ಮಣ್ಣಿನದ್ದೇ ತಾನೇ ಎನ್ನುತ್ತ ತಾವೇ ಒಲೆ ಹೊತ್ತಿಸಿದರು.

ಒಂದು ಹಿಡಿ ಅಕ್ಕಿ ಮೂಸಿದೆ. ಆ ಪರಿಮಳಕ್ಕೆ ಕಣ್ಣು ತುಂಬಿತು. ಆಗಲೇ ನೆನಪಾಯಿತು. ಬಾಳೆಯವರು ಹೋದ ಮೇಲೂ ನಾವು ವರ್ಷವರ್ಷ ತಪ್ಪದೆ ಮೊದಲ ಕೆಸರನ್ನು ಇವರಿಗೇ ಬಿಟ್ಟಿದ್ದೆವು. ಇವರ ಮಣ್ಣನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ನಾನು ಪಾತ್ರೆ ಇಳಿಸಿ ಅಂಗಡಿ ಅಕ್ಕಿ ತೊಳೆಯತೊಡಗಿದೆ. ಅಕ್ಕನ ಮುಖ ಸಪ್ಪಗಾಯಿತು.

“ಯಾಕೆ? ನಮ್ಮ ಮಕ್ಕಳೂ ದಿನಾ ಇದನ್ನೇ ಉಣ್ಣೋದು” ಎಂದರು.

ಒದ್ದೆ ಕೈಯಲ್ಲೇ ಅವರಿಗೊಂದು ಮಣೆ ಹಾಕಿ, ಕೂತುಕೊಳ್ಳಿ, ಹೇಳುತ್ತೇನೆ ಎಂದೆ.