ಟೇಪು ಅಂಟಿಸಿದ ಬಟನ್

ಪ್ರೆಸ್ಸಿನಲ್ಲಿ ನಮ್ಮಣ್ಣನಿಗೆ ‘ಆಯ್ತು ಸಾರ್’ ಅಂತಲೇ ಹೆಸರು. ಇಪ್ಪತ್ತೆರಡು ವರ್ಷ ಪುಸ್ತಕಗಳ ಅಂಚು ಕತ್ತರಿಸಿದ. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ತಂಗಿಯಾದ ನನಗೂ ಆಯ್ತು ಎನ್ನುತ್ತಿದ್ದ, ಆದರೆ ನಾನು ಹೇಳಿದ ಕೆಲಸ ಮಾತ್ರ ಆಗುತ್ತಿರಲಿಲ್ಲ.

ಕತ್ತರಿಸುವ ಮಷೀನಿಗೆ ಎರಡು ಬಟನ್. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಆಗ ಕೈ ಬ್ಲೇಡಿನ ಕೆಳಗೆ ಇರಲು ಸಾಧ್ಯವಿಲ್ಲ. ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರ್ ಒಂದು ಬಟನ್ನನ್ನು ಒತ್ತಿ ಹಿಡಿದು ಮೇಲೆ ಟೇಪು ಅಂಟಿಸಿಬಿಟ್ಟ. ಅಣ್ಣ ಆಯ್ತು ಸಾರ್ ಎಂದ. ನಾಲ್ಕನೇ ತಿಂಗಳಲ್ಲಿ ಅವನ ಬಲಗೈಯ ಮೂರು ಬೆರಳು ಹೋದವು.

ಸೂಪರ್‌ವೈಸರ್ ಆಸ್ಪತ್ರೆಗೆ ಒಂದು ಹಾಳೆ ತಂದ. ‘ಅಪಘಾತಕ್ಕೆ ನನ್ನ ಅಜಾಗರೂಕತೆಯೇ ಕಾರಣ’ ಎಂದು ಅಣ್ಣನ ಹೆಸರಲ್ಲಿ ಮೊದಲೇ ಟೈಪ್ ಮಾಡಿಸಿದ್ದ. ಟೇಪಿನ ಸುದ್ದಿ ಎಲ್ಲಿದೆ ಎಂದು ನಾನು ಬಾಯಿ ಹಾಕಿದೆ. ಅಣ್ಣ ಕಣ್ಣಲ್ಲೇ ನನ್ನನ್ನು ಸುಮ್ಮನಿರಿಸಿ ಎಡಗೈ ಹೆಬ್ಬೆಟ್ಟು ಒತ್ತಿದ.

ಸೂಪರ್‌ವೈಸರ್ ಹೋದ ಮೇಲೆ, “ಯಾಕಣ್ಣಾ?” ಎಂದೆ.

“ಪ್ರತಿ ಭಾನುವಾರ ಚರ್ಚಲ್ಲಿ ಎದೆ ಬಡ್ಕೊಂಡು ತಪ್ಪು ನಂದು ಅಂತೀವಲ್ಲ. ಕಷ್ಟ ಬಂದಾಗ ಮಾತ್ರ ಇನ್ನೊಬ್ಬರ ಕಡೆ ಬೆರಳು ತೋರ್ಸೋದಾ? ಯೇಸುಸ್ವಾಮಿನೂ ಎದುರು ಮಾತಾಡ್ಲಿಲ್ಲ.”

“ಯೇಸುಸ್ವಾಮಿ ಸುಳ್ಳಿಗೆ ಹೆಬ್ಬೆಟ್ಟೂ ಒತ್ತಲಿಲ್ಲ” ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ.

ಅವನು ಮನೆಗೆ ಬಂದ ವಾರವೇ ಫಾದರ್ ಚರ್ಚಿನ ಪ್ರಸಂಗದಲ್ಲಿ ಅವನನ್ನು ಕೊಂಡಾಡಿದರು. ಇಷ್ಟು ನೋವಿನಲ್ಲೂ ಯಾರನ್ನೂ ದೂಷಿಸದ ದೀನ ಮನುಷ್ಯ ಎಂದರು. ಜನ ಕತ್ತು ತಿರುಗಿಸಿ ನೋಡಿದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ, ಕಿವಿಗಳು ಮಾತ್ರ ಕೆಂಪಗಾಗಿದ್ದವು. ಅವನನ್ನು ನಾನು ಇಂದು ನಿನ್ನೆ ಕಂಡವಳಲ್ಲ. ಅದು ನಾಚಿಕೆಯಲ್ಲ, ಹಿಗ್ಗು.

ಅವನನ್ನು ಪ್ರೆಸ್ಸಿನ ಗೇಟಿನಲ್ಲಿ ಕೂರಿಸಿದರು. ಮಷೀನಿಗೆ ಹೊಸಬಳೊಬ್ಬಳು ಬಂದಳು, ಎರಡು ಮಕ್ಕಳ ತಾಯಿ. ಒಂದು ದಿನ ಅವಳು ಗೇಟಿನ ಹತ್ತಿರ ನಿಂತು, “ಅಣ್ಣಾ, ಆ ಟೇಪಿಂದ ಏನೂ ತೊಂದ್ರೆ ಇಲ್ಲ ತಾನೆ?” ಎಂದು ಕೇಳಿದಳಂತೆ.

“ಹುಷಾರಾಗಿದ್ರೆ ಏನೂ ಆಗಲ್ಲಮ್ಮ” ಎಂದನಂತೆ ಇವನು. ಹೆಬ್ಬೆಟ್ಟು ಒತ್ತಿಯಾಗಿತ್ತು, ಇನ್ನೇನು ಹೇಳಿಯಾನು?

ಎರಡು ತಿಂಗಳಲ್ಲಿ ಅವಳ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಆಫೀಸಿನವರು ಅವಳ ಗಂಡನ ಮುಂದೆ ಅಣ್ಣನ ಹಾಳೆ ಹಿಡಿದರು. ಮಷೀನು ಸರಿಯಾಗಿದೆ, ಹಿಂದಿನವನೂ ತನ್ನದೇ ತಪ್ಪು ಎಂದು ಒಪ್ಪಿಕೊಂಡಿದ್ದಾನೆ, ನೋಡಿ ಎಂದರು.

ಅಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಎಡಗೈಯಲ್ಲೇ, ಸೊಟ್ಟ ಸೊಟ್ಟ ಅಕ್ಷರದಲ್ಲಿ, ಟೇಪಿನ ಕಥೆಯನ್ನೆಲ್ಲ ಬರೆದ. ಹಾಳೆ ಸರಿಯದಂತೆ ನಾನು ಒತ್ತಿ ಹಿಡಿದಿದ್ದೆ. ಗೇಟಿನ ಕೆಲಸವೂ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅದರ ಪ್ರತಿ ಹಿಡಿದು ಆಸ್ಪತ್ರೆಗೆ ಹೋದೆವು.

ಅವಳ ಗಂಡನ ಕೈಗೆ ಕಾಗದ ಕೊಟ್ಟು, ಅಣ್ಣ ಮಂಚದ ಪಕ್ಕ ಮಂಡಿಯೂರಿದ. ವಾರ್ಡಿನವರೆಲ್ಲ ನೋಡುತ್ತಿದ್ದರು.

“ಗೊತ್ತಿದ್ದೂ ಗೊತ್ತಿದ್ದೂ ಸುಳ್ಳಿಗೆ ಒಪ್ಕೊಂಡೆ. ನಿಂಗೂ ಸುಳ್ಳೇ ಹೇಳ್ದೆ. ತಪ್ಪು ನಂದಮ್ಮ.”

ಅವಳು ಬಿಳಿ ಬಟ್ಟೆ ಸುತ್ತಿದ ತನ್ನ ಮೊಂಡು ಕೈಯನ್ನು ನೋಡಿದಳು, ಆಮೇಲೆ ಅವನನ್ನು.

“ಹೌದಣ್ಣ, ನಿಮ್ಮದೇ” ಎಂದಳು.

ಅಣ್ಣ ತಲೆಯಾಡಿಸಿದ. ಕ್ಷಮಿಸು ಎಂದು ಕೇಳಲಿಲ್ಲ. ಕಿವಿಯೂ ಕೆಂಪಾಗಲಿಲ್ಲ.